‘ಪ್ಯಾರಡೈಸ್ ರೋಡ್’ ಅವಸರದಲ್ಲಿ ದಾಟಿಹೋದ ಭಾಗ

ಬ್ರೂಸ್ ಬೆರೆಸ್ಫರ್ಡ್ ನಿರ್ದೇಶಿಸಿದ ‘ಪ್ಯಾರಡೈಸ್ ರೋಡ್’ (1997) ಚಿತ್ರವನ್ನು ಮೆಚ್ಚಿದವರು ಹೆಚ್ಚಾಗಿ ನೆನೆಯುವುದು ಒಂದೇ ದೃಶ್ಯವನ್ನು. ಸೆರೆಶಿಬಿರದ ಹೆಂಗಸರು ಗುಂಪುಗೂಡಿದ್ದನ್ನು ಚದುರಿಸಲು ನುಗ್ಗಿಬಂದ ಜಪಾನಿ ಕಾವಲುಗಾರರು ಅವರ ಗಾಯನ ಕೇಳುತ್ತ ಸುಮ್ಮನೆ ನಿಂತುಬಿಡುತ್ತಾರೆ. ದೃಶ್ಯ ಚೆನ್ನಾಗಿಯೇ ಇದೆ. ನನ್ನ ತಕರಾರು ಇರುವುದು ಅದರ ನಂತರದ ಭಾಗದ ಬಗ್ಗೆ.

ಚಿತ್ರಕ್ಕೆ ಆಧಾರವಾದದ್ದು ಎರಡನೇ ಮಹಾಯುದ್ಧದಲ್ಲಿ ನಿಜವಾಗಿ ನಡೆದ ಕಥೆ. 1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನಿನ ಕೈಸೇರುವ ಹೊತ್ತಿಗೆ ಅಲ್ಲಿಂದ ತಪ್ಪಿಸಿಕೊಂಡು ಹೊರಟ ಹಲವು ಹಡಗುಗಳು ಬಾಂಬಿಗೆ ಸಿಕ್ಕಿ ಮುಳುಗಿದವು. ಬದುಕಿ ದಡ ಸೇರಿದ ಬ್ರಿಟಿಷ್ ಮತ್ತು ಆಸ್ಟ್ರೇಲಿಯನ್ ಮಹಿಳೆಯರನ್ನು, ಆಗ ಡಚ್ಚರ ವಸಾಹತಾಗಿದ್ದ ಇಂದಿನ ಇಂಡೊನೇಷ್ಯಾದ ದ್ವೀಪಗಳಲ್ಲೇ ನೆಲೆಸಿದ್ದ ಡಚ್ ಮಹಿಳೆಯರು ಮತ್ತು ಮಕ್ಕಳೊಂದಿಗೆ, ಸುಮಾತ್ರದ ಪಾಲೆಂಬಾಂಗ್‌ನಲ್ಲಿ ಕೂಡಿಹಾಕಲಾಯಿತು. ಅಲ್ಲಿ ಮಿಷನರಿ ಮಾರ್ಗರೆಟ್ ಡ್ರೈಬರ್ಗ್ ತಮಗೆ ನೆನಪಿದ್ದ ವಾದ್ಯಕೃತಿಗಳನ್ನು ಸ್ವರಲಿಪಿಯಲ್ಲಿ ಬರೆದಿಟ್ಟರು. ಲಂಡನ್ನಿನಲ್ಲಿ ಪಿಟೀಲು ಕಲಿತಿದ್ದ ನೋರಾ ಚೇಂಬರ್ಸ್ ಅವರೊಡಗೂಡಿ ಅವನ್ನು ಕಂಠಗಳಿಗೆ ಹೊಂದಿಸಿ, 1943ರ ಡಿಸೆಂಬರ್ 27ರಂದು ಮೊದಲ ಕಛೇರಿ ನಡೆಸಿದರು. ಯುರೋಪಿನ ಸಂಗೀತ ರಚನಕಾರ ಡ್ವೊರಾಕ್‌ನ ಸಿಂಫನಿಯ (ದೊಡ್ಡ ವಾದ್ಯವೃಂದದ ಕೃತಿ) ವಿಳಂಬ ಭಾಗವಾಗಲಿ ಶೋಪನ್‌ನ ಪ್ರಿಲ್ಯೂಡ್ (ಪಿಯಾನೋದ ಚಿಕ್ಕ ಕೃತಿ) ಆಗಲಿ, ಯಾವುದಕ್ಕೂ ಸಾಹಿತ್ಯವಿರಲಿಲ್ಲ. ಆಲಾಪನೆ ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ, ಆದರೆ ಇಂಗ್ಲಿಷಿನವರೂ ಡಚ್ಚರೂ ಒಂದೇ ಸಾಲಿನಲ್ಲಿ ನಿಂತು ಹಾಡುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಈ ಕಲಿಕೆಯ ದೃಶ್ಯಗಳಲ್ಲಿ, ಹೆಸರು ಬದಲಿಸಿದ ಪಾತ್ರಗಳಾಗಿ, ಗ್ಲೆನ್ ಕ್ಲೋಸ್ ಮತ್ತು ಪಾಲಿನ್ ಕಾಲಿನ್ಸ್ ಅತಿರೇಕವಿಲ್ಲದೆ ಅಭಿನಯಿಸಿದ್ದಾರೆ.

ಕ್ರೌರ್ಯದ ವಿಷಯಕ್ಕೆ ಬಂದಾಗ ಮಾತ್ರ ಚಿತ್ರ ಬೆಚ್ಚಿಬೀಳಿಸುವುದನ್ನೇ ನೆಚ್ಚುತ್ತದೆ. ಮಲೇರಿಯಾದ ಔಷಧಿ ಕ್ವಿನೈನ್ ತರಿಸಿದ ಚೀನೀ ಮಹಿಳೆಯನ್ನು ಜೀವಂತ ಸುಡುವ ದೃಶ್ಯವನ್ನು ನೋಡಿದವರು ಮರೆಯಲಾರರು. ಆದರೆ ಆ ಗಾಯಕಿಯರನ್ನು ಕೊಂದದ್ದು ಹಸಿವು, ಮಲೇರಿಯಾ, ಆಮಶಂಕೆ. ಅವು ಕೊಂದದ್ದೂ ನಿಧಾನವಾಗಿ. 1944ರಲ್ಲಿ ಅವರನ್ನು ಬಂಕಾ ದ್ವೀಪದ ಮುಂಟೋಕ್‌ಗೂ, ಮರುವರ್ಷ ಸುಮಾತ್ರದ ಬೆಲಲಾವ್‌ಗೂ ಸಾಗಿಸಲಾಯಿತು. ಹಾಡುವವರು ಒಬ್ಬೊಬ್ಬರಾಗಿ ತೀರಿಕೊಂಡು, ಉಳಿದವರಿಗೂ ತ್ರಾಣವಿಲ್ಲದೆ, ಗಾಯನ ನಿಂತುಹೋಯಿತು. ಬೆಲಲಾವ್ ತಲುಪಿದ ಕೆಲವೇ ದಿನಗಳಲ್ಲಿ, 1945ರ ಏಪ್ರಿಲ್‌ನಲ್ಲಿ, ಡ್ರೈಬರ್ಗ್ ಕೂಡ ಸತ್ತರು. ಚಿತ್ರ ಇದನ್ನು ಮುಚ್ಚಿಡುವುದಿಲ್ಲ ನಿಜ, ಆದರೆ ಅವಸರದಲ್ಲಿ ಮುಗಿಸುತ್ತದೆ. ತಂಡ ಕಟ್ಟಿದ್ದನ್ನು ತೋರಿಸಿದಷ್ಟೇ ತಾಳ್ಮೆಯಿಂದ ಅದು ಕರಗಿದ್ದನ್ನೂ ತೋರಿಸಬೇಕಿತ್ತು: ಒಂದು ಕಂಠ ಇಲ್ಲವಾದಾಗ ಅದರ ಭಾಗವನ್ನು ಯಾರು ಹಾಡಿದರು, ಯಾವ ಕೃತಿಯನ್ನು ಕೈಬಿಟ್ಟರು, ಇಂಥವನ್ನು.

ಡಚ್ಚರಿಗೆ ಚಿತ್ರದಲ್ಲಿ ಸಿಕ್ಕ ಜಾಗವೂ ಕಡಿಮೆಯಾಯಿತೆಂದು ನನ್ನ ಅಭಿಪ್ರಾಯ. ಆ ತಂಡದಲ್ಲಿ ಹಾಡಿದ ಡಚ್ ಹುಡುಗಿ ಆಂಟೊನೆಟ್ ಕೊಲೈನ್ ಜೋಪಾನವಾಗಿಟ್ಟುಕೊಂಡಿದ್ದ ಸ್ವರಲಿಪಿಯೇ ಮುಂದೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿತು. ಚಿತ್ರದಲ್ಲಿ ಕೇಳಿಬರುವ ಗಾಯನವೂ ಡಚ್ ಮಹಿಳೆಯರದೇ ಒಂದು ವೃಂದದ್ದು.