ಬೆಂಚಿನ ಮೇಲೆ ಕೂತ ಹದಿನೈದು ಮಿಲಿಯನ್

ಟ್ರಾನ್ಸ್‌ಫರ್ ವಿಂಡೋ, ಅಂದರೆ ಫುಟ್‌ಬಾಲ್ ಕ್ಲಬ್ಬುಗಳು ಆಟಗಾರರನ್ನು ಕೊಂಡು ಮಾರುವ ಅವಧಿ, ತೆರೆದರೆ ಸಾಕು, ಅಭಿಮಾನಿಗಳಲ್ಲಿ ಎರಡು ಪಕ್ಷ. ಒಂದು ಪಕ್ಷಕ್ಕೆ ಮಾಲೀಕ ಜಿಪುಣ, ಇನ್ನೂ ಇಬ್ಬರನ್ನು ಕೊಳ್ಳಬೇಕಿತ್ತು. ಇನ್ನೊಂದಕ್ಕೆ ದುಡ್ಡೆಲ್ಲ ಪೋಲು, ಕ್ಲಬ್ಬಿನದೇ ತರಬೇತಿ ಶಾಲೆಯಲ್ಲಿ ಬೆಳೆದ ಅಕಾಡೆಮಿ ಹುಡುಗರನ್ನು ಆಡಿಸಬೇಕಿತ್ತು. ಇಬ್ಬರೂ ಹಿಡಿದುಕೊಂಡು ಜಗ್ಗಾಡುವುದು ಮಾತ್ರ ಅದೇ ದೊಡ್ಡ ಹೆಸರನ್ನ, ಅದೇ ನೂರು ಮಿಲಿಯನ್ನನ್ನ. ನನ್ನ ತಕರಾರು ಇರುವುದು ಇಲ್ಲಿ. ಕ್ಲಬ್ಬಿನ ಲೆಕ್ಕ ಕೆಡಿಸುವವನು ತಂಡದ ಪಟ್ಟಿಯಲ್ಲಿ ಹದಿನಾಲ್ಕರಿಂದ ಇಪ್ಪತ್ತರ ನಡುವೆ ಎಲ್ಲೋ ಇರುತ್ತಾನೆ. ಅವನ ಹೆಸರು ಕೇಳಿದರೆ ಯಾರಿಗೂ ಸಿಟ್ಟು ಬರಲ್ಲ, ಪ್ರೀತಿಯೂ ಉಕ್ಕಲ್ಲ. 'ಸ್ಕ್ವಾಡ್ ಡೆಪ್ತ್' ಅಂತ, ಅಂದರೆ ಬದಲಿಗೊಬ್ಬ ಇರಲಿ ಅಂತ ಕೊಂಡವನು. ದುಡ್ಡು ಸೋರುವುದು ಅವನಲ್ಲಿ, ಹುಡುಗರ ದಾರಿ ಮುಚ್ಚಿಹೋಗುವುದೂ ಅವನಿಂದ.

ಒಂದು ಮಾದರಿ ಲೆಕ್ಕ ಹಾಕೋಣ. ಇಂಗ್ಲೆಂಡಿನ ಒಂದು ಕ್ಲಬ್ ಬದಲಿ ಲೆಫ್ಟ್ ಬ್ಯಾಕ್ (ಎಡಬದಿಯ ರಕ್ಷಣಾ ಆಟಗಾರ) ಒಬ್ಬನನ್ನು 15 ಮಿಲಿಯನ್ ಪೌಂಡಿಗೆ ಕೊಂಡಿತು ಅಂತಿಟ್ಟುಕೊಳ್ಳಿ. ನಾಲ್ಕು ವರ್ಷದ ಕರಾರು, ವಾರಕ್ಕೆ 60,000 ಪೌಂಡ್ ಸಂಬಳ. ಕ್ಲಬ್ಬಿನ ಪುಸ್ತಕದಲ್ಲಿ ಈ 15 ಮಿಲಿಯನ್ ಒಂದೇ ವರ್ಷದ ಖರ್ಚಾಗಿ ಕೂರುವುದಿಲ್ಲ. ಕರಾರಿನ ವರ್ಷಗಳಿಗೆ ಹಂಚಿಹೋಗುತ್ತೆ, ಇದೇ ಅಮಾರ್ಟೈಸೇಷನ್. ವರ್ಷಕ್ಕೆ 3.75 ಮಿಲಿಯನ್. ಸಂಬಳ 52 ವಾರಕ್ಕೆ 3.12 ಮಿಲಿಯನ್. ಅದರ ಮೇಲೆ ಮಾಲೀಕರು ಕಟ್ಟಬೇಕಾದ ನ್ಯಾಷನಲ್ ಇನ್ಶೂರೆನ್ಸ್ (ಬ್ರಿಟನ್ನಿನ ಸಾಮಾಜಿಕ ಭದ್ರತೆಯ ವಂತಿಗೆ) ಶೇ 15, ಅಂದರೆ ಸುಮಾರು 0.47 ಮಿಲಿಯನ್. ಏಜೆಂಟನಿಗೆ ಒಂದೂವರೆ ಮಿಲಿಯನ್ ಕೊಟ್ಟಿದ್ದರೆ ಅದೂ ವರ್ಷಕ್ಕೆ 0.37ರಷ್ಟು. ಕೂಡಿಸಿದರೆ ವರ್ಷಕ್ಕೆ 7.7 ಮಿಲಿಯನ್, ನಾಲ್ಕು ವರ್ಷಕ್ಕೆ 30 ದಾಟುತ್ತೆ. ಪತ್ರಿಕೆಯಲ್ಲಿ ಬಂದಿದ್ದು 15, ಕ್ಲಬ್ ತೆತ್ತಿದ್ದು ಅದರ ಎರಡು ಪಟ್ಟು. ಇಂಥ ಐದು ಜನ ಇದ್ದರೆ ವರ್ಷಕ್ಕೆ 38 ಮಿಲಿಯನ್ ಬೆಂಚಿನ ಬಾಡಿಗೆ.

ಇನ್ನು ಈತ ಆಡುವುದೆಷ್ಟು? ಲೀಗ್‌ನಲ್ಲಿ 38 ಪಂದ್ಯ, ಒಟ್ಟು 3,420 ನಿಮಿಷ. ಮೊದಲ ಆಯ್ಕೆಯ ಲೆಫ್ಟ್ ಬ್ಯಾಕ್ ಗಟ್ಟಿಮುಟ್ಟಾಗಿದ್ದರೆ ಬದಲಿಯವನಿಗೆ ಏಳೆಂಟು ನೂರು ನಿಮಿಷ ಸಿಕ್ಕರೆ ಹೆಚ್ಚು. ಆ ಏಳೆಂಟು ನೂರು ನಿಮಿಷವೇ ಹತ್ತೊಂಬತ್ತು ವರ್ಷದ ಅಕಾಡೆಮಿ ಹುಡುಗನಿಗೆ ಬೇಕಾಗಿದ್ದದ್ದು. ಅವನೇನು ಸ್ಟಾರ್ ಆಗಬೇಕಿಲ್ಲ. ತಿಂಗಳಿಗೊಂದು ಪಂದ್ಯ ಮಾನವಾಗಿ ಆಡಿದರೆ ಸಾಕು, ಕ್ಲಬ್ಬಿಗೆ ವರ್ಷಕ್ಕೆ ಏಳು ಮಿಲಿಯನ್ ಉಳಿಯಿತು. ಜೊತೆಗೆ ಇಂಗ್ಲೆಂಡಿನ ಮೊದಲ ದರ್ಜೆಯ ಪ್ರೀಮಿಯರ್ ಲೀಗ್‌ನ 25 ಜನರ ಪಟ್ಟಿಯಲ್ಲಿ 21ರ ಒಳಗಿನವರಿಗೆ ಜಾಗ ಬೇಕಿಲ್ಲ, ಅವರು ಪಟ್ಟಿಯ ಹೊರಗಿದ್ದೇ ಆಡಬಹುದು. 2022-23ರಿಂದ ಐದು ಬದಲಿ ಆಟಗಾರರನ್ನು ಇಳಿಸುವ ಅವಕಾಶವೂ ಇದೆ, ಬೆಂಚಲ್ಲಿ ಒಂಬತ್ತು ಜನ. ಇಷ್ಟಿದ್ದೂ ಹುಡುಗನಿಗೆ ಜಾಗ ಇಲ್ಲ ಅಂದರೆ ಆ ಜಾಗಕ್ಕೆ ಯಾರನ್ನೋ ಕೊಂಡು ಕೂರಿಸಿದ್ದಾರೆ ಅಂತಲೇ ಅರ್ಥ.

ಎರಡು ವರ್ಷ ಕಳೆಯಿತು, ಆ ಲೆಫ್ಟ್ ಬ್ಯಾಕ್ ಸರಿಹೋಗಲಿಲ್ಲ, ಮಾರೋಣ ಅಂದರೆ? ಪುಸ್ತಕದಲ್ಲಿ ಅವನ ಬೆಲೆ ಇನ್ನೂ 7.5 ಮಿಲಿಯನ್ ಉಳಿದಿದೆ. ಅದಕ್ಕಿಂತ ಕಮ್ಮಿಗೆ ಮಾರಿದರೆ ಆ ವರ್ಷದ ಲೆಕ್ಕಕ್ಕೆ ನಷ್ಟ ಬೀಳುತ್ತೆ. ಎರಡು ವರ್ಷ ಬೆಂಚಲ್ಲಿದ್ದವನಿಗೆ 7.5 ಕೊಡುವವರು ಯಾರೂ ಇಲ್ಲ, ವಾರಕ್ಕೆ 60,000 ಸಂಬಳ ಕೊಡುವವರಂತೂ ಇಲ್ಲವೇ ಇಲ್ಲ. ಆಗ ಹೊರಡುತ್ತೆ ನೋಡಿ ಲೋನ್, ಬೇರೆ ಕ್ಲಬ್ಬಿಗೆ ಸ್ವಲ್ಪ ಕಾಲದ ಎರವಲು. ಅರ್ಧ ಸಂಬಳ ನಾವು, ಅರ್ಧ ಅವರು. ಪ್ರಕಟಣೆಯಲ್ಲಿ 'ಹೊಸ ಅನುಭವ' ಅಂತ ಬರೆಯುತ್ತಾರೆ. ಇದು ಮಾರಾಟವಾಗದ ಸರಕನ್ನು ಬೇರೆಯವರ ಗೋದಾಮಿನಲ್ಲಿಟ್ಟು ಬಾಡಿಗೆಯಲ್ಲಿ ಅರ್ಧ ನಾವೇ ಕಟ್ಟಿದ ಹಾಗೆ.

ಹೊರಗಿನಿಂದ ಲೋನ್ ಮೇಲೆ ತರುವುದಕ್ಕೆ ನಾನು ವಿರೋಧಿ ಅಲ್ಲ. ಮಾರ್ಟಿನ್ ಓಡೆಗಾರ್ಡ್ 2021ರ ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್‌ನಿಂದ ಆರ್ಸೆನಲ್‌ಗೆ ಆರು ತಿಂಗಳ ಲೋನ್ ಮೇಲೆ ಬಂದ, ಆಗಸ್ಟ್‌ನಲ್ಲಿ ಅವರು ಅವನನ್ನು ಕೊಂಡೇಬಿಟ್ಟರು, ಮುಂದೆ ನಾಯಕನಾದ. ಆರು ತಿಂಗಳು ಕಣ್ಣಾರೆ ನೋಡಿ ಕೊಳ್ಳುವುದಕ್ಕಿಂತ ಒಳ್ಳೆ ಸ್ಕೌಟಿಂಗ್ ಇನ್ಯಾವುದಿದೆ? ಆದರೆ ಇದಕ್ಕೊಂದು ಮಾತಿದೆ. ಕೊಳ್ಳುವ ಹಕ್ಕೇ ಇಲ್ಲದ ಲೋನ್ ಅಂದರೆ ಬೇರೆಯವರ ಎತ್ತಿಗೆ ನಮ್ಮ ಹುಲ್ಲು ಹಾಕಿ ಉಳುಮೆ ಕಲಿಸಿ ಹಿಂದಿರುಗಿಸಿದಂತೆ. ಅವನು ಚೆನ್ನಾಗಿ ಆಡಿದರೆ ಬೆಲೆ ಏರುವುದು ಅವರ ಪುಸ್ತಕದಲ್ಲಿ. ಪ್ರೀಮಿಯರ್ ಲೀಗ್‌ನಲ್ಲಂತೂ ಲೋನ್ ಮೇಲೆ ಬಂದವನು ತನ್ನ ಮೂಲ ಕ್ಲಬ್ಬಿನ ವಿರುದ್ಧ ಆಡುವಂತೆಯೇ ಇಲ್ಲ.

ಅಭಿಮಾನಿಗಳ ಕಣ್ಣಿಗೆ ಬೀಳದ ಇನ್ನೊಂದು ಷರತ್ತಿದೆ. ಬಹಳಷ್ಟು ಲೋನ್ ಕರಾರುಗಳಲ್ಲಿ ಶುಲ್ಕ ಆಡಿದ ಪಂದ್ಯಗಳ ಸಂಖ್ಯೆಗೆ ತಗುಲಿಕೊಂಡಿರುತ್ತೆ: ಇಷ್ಟು ಪಂದ್ಯ ಆಡಿಸದಿದ್ದರೆ ಇಷ್ಟು ದಂಡ. ಫೆಬ್ರವರಿಯ ಒಂದು ಶನಿವಾರ ನೆನೆಸಿಕೊಳ್ಳಿ. ತಂಡ 2-0 ಮುಂದಿದೆ, ಎಪ್ಪತ್ತನೇ ನಿಮಿಷ. ಲೈನ್ ಪಕ್ಕ ಇಬ್ಬರು ಮೈ ಬಿಸಿ ಮಾಡಿಕೊಳ್ಳುತ್ತಿದ್ದಾರೆ, ಒಬ್ಬ ಲೋನ್ ಆಟಗಾರ, ಇನ್ನೊಬ್ಬ ನಮ್ಮದೇ ಹುಡುಗ. ನಾಲ್ಕನೇ ಅಧಿಕಾರಿ ಬೋರ್ಡ್ ಎತ್ತಿದಾಗ ಯಾರ ನಂಬರ್ ಬರುತ್ತೆ? ಮ್ಯಾನೇಜರ್ ಹುಡುಗನನ್ನು ದ್ವೇಷಿಸುತ್ತಾನೆ ಅಂತೇನಿಲ್ಲ, ಮೇಲಿನವರು ಪಂದ್ಯದ ಎಣಿಕೆ ಇಟ್ಟಿರುತ್ತಾರೆ. 'ಇವನಿಗೆ ಯುವಕರ ಮೇಲೆ ನಂಬಿಕೆಯೇ ಇಲ್ಲ' ಅಂತ ಮ್ಯಾನೇಜರ್‌ನ ಬೈಯುವ ಮುಂಚೆ ಲೋನ್ ಷರತ್ತು ಯಾರು ಸಹಿ ಮಾಡಿದ್ದು ಅಂತ ಕೇಳಬೇಕು.

ಲೋನ್ ಕರಾರಿನಲ್ಲಿ ಬರುವ ಆಪ್ಷನ್, ಆಬ್ಲಿಗೇಷನ್ ಎರಡನ್ನೂ ಒಂದೇ ಅಂತ ಮಾತಾಡುವವರೂ ಇದ್ದಾರೆ. ಆಪ್ಷನ್ ಅಂದರೆ ಬೇಕಾದರೆ ಕೊಳ್ಳಬಹುದು. ಆಬ್ಲಿಗೇಷನ್ ಅಂದರೆ ಕೊಳ್ಳಲೇಬೇಕು, ಬಿಲ್ಲು ಮುಂದಿನ ವರ್ಷಕ್ಕೆ ದೂಡಿದ್ದು ಅಷ್ಟೇ. 2017ರಲ್ಲಿ ಪ್ಯಾರಿಸ್‌ನ ಕ್ಲಬ್ ಪಿಎಸ್‌ಜಿ ನೇಮಾರ್‌ಗೆ 222 ಮಿಲಿಯನ್ ಯೂರೋ ಕೊಟ್ಟ ಅದೇ ತಿಂಗಳು ಎಂಬಾಪೆಯನ್ನು ಮೊನಾಕೊದಿಂದ 'ಲೋನ್' ಮೇಲೆ ತಂದಿತು, 180 ಮಿಲಿಯನ್‌ವರೆಗಿನ ಖರೀದಿ ಮುಂದಿನ ವರ್ಷದ ಲೆಕ್ಕಕ್ಕೆ ಹೋಯಿತು. ಅದನ್ನು ಲೋನ್ ಅಂತ ಕರೆದದ್ದು ಕಾಗದ ಮಾತ್ರ. ಆಬ್ಲಿಗೇಷನ್‌ನಿಂದ ತಪ್ಪಿಸಿಕೊಳ್ಳಲೂ ದುಡ್ಡು ಬೇಕು: ಜೇಡನ್ ಸ್ಯಾಂಚೋನನ್ನು 2024-25ರಲ್ಲಿ ಲೋನ್ ಮೇಲಿಟ್ಟುಕೊಂಡಿದ್ದ ಚೆಲ್ಸಿ, ಕೊಳ್ಳುವುದು ಬೇಡ ಅಂತ 5 ಮಿಲಿಯನ್ ಪೌಂಡ್ ದಂಡ ಕಟ್ಟಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ವಾಪಸ್ ಕಳಿಸಿತು.

ಈಗ ನಮ್ಮ ಹುಡುಗರನ್ನು ಹೊರಗೆ ಕಳಿಸುವ ಲೋನ್. ಇದರಲ್ಲಿ ಎಡವುವುದು ಹೆಚ್ಚು, ಎಡವುವ ಜಾಗಗಳೂ ಗೊತ್ತಿರುವಂಥವೇ. ಮೊದಲನೆಯದು ಡಿವಿಷನ್ ನೋಡಿ ಕಳಿಸುವುದು. ಚೆಲ್ಸಿಯ ಹುಡುಗ ಟ್ಯಾಮಿ ಏಬ್ರಹಾಂ ಎರಡನೇ ದರ್ಜೆಯ ಚಾಂಪಿಯನ್‌ಷಿಪ್‌ನಲ್ಲಿ ಬ್ರಿಸ್ಟಲ್ ಸಿಟಿಗೆ 2016-17ರಲ್ಲಿ 23 ಲೀಗ್ ಗೋಲು ಹೊಡೆದ. ಮುಂದಿನ ವರ್ಷ ಬಡ್ತಿ ಅಂತ ಪ್ರೀಮಿಯರ್ ಲೀಗ್‌ನ ಸ್ವಾನ್ಸಿಗೆ ಹೋದ. ತಂಡಕ್ಕೆ ಚೆಂಡೇ ಸಿಗುತ್ತಿರಲಿಲ್ಲ, ಐದು ಗೋಲು, ತಂಡ ಕೆಳಗಿನ ದರ್ಜೆಗೆ ಇಳಿಯಿತು. ಮತ್ತೆ ಚಾಂಪಿಯನ್‌ಷಿಪ್‌ಗೆ ಇಳಿದು ಆಸ್ಟನ್ ವಿಲ್ಲಾದಲ್ಲಿ 25 ಗೋಲು. ಸ್ಟ್ರೈಕರ್‌ನನ್ನು ಕಳಿಸುವಾಗ ಆ ತಂಡ ಪೆನಾಲ್ಟಿ ಬಾಕ್ಸಿಗೆ ಎಷ್ಟು ಚೆಂಡು ತಲುಪಿಸುತ್ತೆ ಅನ್ನುವುದೇ ಮುಖ್ಯ. ಸೆಂಟರ್ ಬ್ಯಾಕ್ ಆದರೆ ಲೆಕ್ಕ ತಿರುವುಮುರುವು. ಸದಾ ಒತ್ತಡದಲ್ಲಿರುವ ಬಡ ತಂಡವೇ ಅವನಿಗೆ ಒಳ್ಳೆ ಶಾಲೆ.

ಎರಡನೆಯದು ಮ್ಯಾನೇಜರ್. ಹುಡುಗನನ್ನು ಕೇಳಿ ಕರೆಸಿಕೊಂಡವನು ನವೆಂಬರ್‌ನಲ್ಲಿ ಕೆಲಸ ಕಳಕೊಂಡರೆ, ಹೊಸಬ ಬಂದು ಮೊದಲು ಬೆಂಚಿಗೆ ಕಳಿಸುವುದು ಲೋನ್ ಹುಡುಗನನ್ನೇ, ಯಾಕೆಂದರೆ ಅವನು ಆ ಕ್ಲಬ್ಬಿನ ಆಸ್ತಿ ಅಲ್ಲ. ಅದಕ್ಕೇ ಜನವರಿಯಲ್ಲಿ ವಾಪಸ್ ಕರೆಯುವ ಷರತ್ತು ಇರಲೇಬೇಕು. ಕರೆಸಿಕೊಂಡ ಮೇಲೆ ಮತ್ತೊಂದು ಕಡೆ ಕಳಿಸೋಣ ಅಂದರೆ ಅಲ್ಲೂ ಒಂದು ತೊಡಕು. ಫೀಫಾ ನಿಯಮದ ಪ್ರಕಾರ ಆಟಗಾರ ಒಂದು ಋತುವಿನಲ್ಲಿ ಮೂರು ಕ್ಲಬ್ಬಿಗೆ ನೋಂದಣಿಯಾಗಬಹುದು, ಅಧಿಕೃತ ಪಂದ್ಯ ಆಡುವುದು ಎರಡಕ್ಕೆ ಮಾತ್ರ. ಆಗಸ್ಟ್‌ನಲ್ಲಿ ಅಭಿಮಾನಿಗಳನ್ನು ಖುಷಿಪಡಿಸಲು ಹತ್ತು ನಿಮಿಷ ಇಳಿಸಿ, ಆಮೇಲೆ ಹೊರದೇಶಕ್ಕೆ ಲೋನ್ ಕಳಿಸಿದರೆ ಎರಡೂ ಮುಗಿಯಿತು. ಆ ಹತ್ತು ನಿಮಿಷ ಎಷ್ಟು ದುಬಾರಿ ಅಂತ ಜನವರಿಯಲ್ಲಿ ಗೊತ್ತಾಗುತ್ತೆ.

ಮೂರನೆಯದು ಮೈ. 21ರ ಒಳಗಿನವರ ಲೀಗ್‌ನಿಂದ ನೇರ ಚಾಂಪಿಯನ್‌ಷಿಪ್‌ಗೆ ಹೋದವನಿಗೆ 46 ಪಂದ್ಯ, ಮಂಗಳವಾರ-ಶನಿವಾರ, ಮಂಗಳವಾರ-ಶನಿವಾರ. ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಅಕ್ಟೋಬರ್‌ನಲ್ಲೇ ಕೈಕೊಡುತ್ತೆ.

ಇದೆಲ್ಲ ಸರಿಯಾಗಿ ಮಾಡಿದರೂ ಕೊನೆಯಲ್ಲಿ ಮನೆಯ ಬಾಗಿಲು ತೆರೆದಿರಬೇಕು. ಚೆಲ್ಸಿಯ ಕತೆ ಅದೇ. ಒಂದು ಕಾಲಕ್ಕೆ ನಲವತ್ತರ ಹತ್ತಿರ ಹುಡುಗರನ್ನು ಲೋನ್ ಮೇಲೆ ಊರೂರಿಗೆ ಹಂಚಿದ್ದ ಕ್ಲಬ್ ಅದು. ಅಪ್ರಾಪ್ತರ ನೋಂದಣಿ ನಿಯಮ ಮುರಿದಿದ್ದಕ್ಕೆ 2019ರಲ್ಲಿ ಖರೀದಿ ನಿಷೇಧ ಬಿತ್ತು, ಅಜಾರ್ ಮ್ಯಾಡ್ರಿಡ್‌ಗೆ ಹೊರಟ. ಕೊಳ್ಳುವಂತಿಲ್ಲ, ಬೇರೆ ದಾರಿಯಿಲ್ಲ. ಆಗ ಬಂದವರು ಮೌಂಟ್ ಮತ್ತು ಟೊಮೋರಿ, ಹಿಂದಿನ ವರ್ಷ ಇಬ್ಬರೂ ಡರ್ಬಿ ಕ್ಲಬ್ಬಿನಲ್ಲಿ ಲೋನ್ ಮೇಲಿದ್ದವರು. ವಿಗನ್‌ನಿಂದ ರೀಸ್ ಜೇಮ್ಸ್, ವಿಲ್ಲಾದಿಂದ ಏಬ್ರಹಾಂ. ತಂಡ ನಾಲ್ಕನೇ ಸ್ಥಾನ ಪಡೆಯಿತು. 2021ರಲ್ಲಿ ಪೋರ್ಟೊದಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಗೆದ್ದಾಗ ಹಾವರ್ಟ್ಸ್‌ನ ಗೋಲಿಗೆ ಪಾಸ್ ಕೊಟ್ಟವನು ಮೌಂಟ್. ಹುಡುಗರು ನಿಷೇಧಕ್ಕೆ ಮುಂಚೆಯೂ ಇದ್ದರು, ನಿಷೇಧ ಬಂದು ಬೆಂಚು ಖಾಲಿ ಮಾಡಿತು ಅಷ್ಟೇ.

ಹುಡುಗರ ಪಕ್ಷದವರಿಗೂ ಒಂದು ಮಾತು. ಆರು ಹುಡುಗರನ್ನು ಒಟ್ಟಿಗೆ ಇಳಿಸಿ ಅನ್ನುವುದು ಪ್ರೀತಿ ಅಲ್ಲ. ಒಬ್ಬ ಹುಡುಗನ ಸುತ್ತ ನಾಲ್ಕೈದು ಜನ ಪಳಗಿದವರಿರಬೇಕು, ಅವನ ತಪ್ಪು ಮುಚ್ಚಲು. ಸಿಕ್ಕಿದನೆಂದು ವಾರಕ್ಕೆರಡು ಪಂದ್ಯ ಆಡಿಸಿದರೂ ಕಷ್ಟ. ಹದಿಹರೆಯದಲ್ಲೇ ಬಾರ್ಸಿಲೋನಾದ ಭಾರ ಹೊತ್ತ ಅನ್ಸು ಫಾಟಿಗೆ 2020ರಲ್ಲಿ ಮಂಡಿ ಗಾಯವಾದ ಮೇಲೆ ಏನಾಯಿತು ಅಂತ ಎಲ್ಲರೂ ನೋಡಿದ್ದೇವೆ. ಇನ್ನು ಮ್ಯಾಂಚೆಸ್ಟರ್ ಯುನೈಟೆಡ್‌ನವರ ಹೆಮ್ಮೆ, 1937ರ ಅಕ್ಟೋಬರ್‌ನಿಂದ ಪ್ರತಿ ಪಂದ್ಯದ ತಂಡದಲ್ಲೂ ಒಬ್ಬ ಅಕಾಡೆಮಿ ಆಟಗಾರ ಇದ್ದಾನೆ ಅನ್ನುವುದು. ದೊಡ್ಡ ದಾಖಲೆಯೇ, ಒಪ್ಪೋಣ. ಬೆಂಚಲ್ಲಿ ಕೂತರೂ ಲೆಕ್ಕಕ್ಕೆ ಬರುತ್ತೆ ಅನ್ನುವುದನ್ನೂ ನೆನಪಿಡೋಣ.

ಇಷ್ಟು ಗೊತ್ತಿದ್ದೂ ಕ್ಲಬ್ಬುಗಳು ಮನೆಯ ಹುಡುಗನನ್ನೇ ಯಾಕೆ ಮಾರುತ್ತವೆ? ಮತ್ತದೇ ಪುಸ್ತಕ. ಅಕಾಡೆಮಿಯಿಂದ ಬಂದವನಿಗೆ ಟ್ರಾನ್ಸ್‌ಫರ್ ಶುಲ್ಕ ಕೊಟ್ಟಿಲ್ಲ, ಅವನ ಪುಸ್ತಕ ಬೆಲೆ ಸೊನ್ನೆ. 30 ಮಿಲಿಯನ್‌ಗೆ ಮಾರಿದರೆ ಮೂವತ್ತೂ ಲಾಭ, ಅದೂ ಅದೇ ವರ್ಷದ ಲೆಕ್ಕಕ್ಕೆ. ಅದೇ 30 ಮಿಲಿಯನ್‌ಗೆ ಐದು ವರ್ಷದ ಕರಾರಿನ ಮೇಲೆ ಒಬ್ಬನನ್ನು ಕೊಂಡರೆ ಈ ವರ್ಷದ ಖರ್ಚು ಬರೀ 6. ಮೂರು ವರ್ಷಕ್ಕೆ 105 ಮಿಲಿಯನ್ ಪೌಂಡಿಗಿಂತ ಹೆಚ್ಚು ನಷ್ಟ ಮಾಡಬಾರದು ಅನ್ನುವ ಪ್ರೀಮಿಯರ್ ಲೀಗ್ ನಿಯಮ ತಲೆಯ ಮೇಲೆ ತೂಗುತ್ತಿದ್ದಾಗ, ಎವರ್ಟನ್‌ಗೆ 2023ರ ನವೆಂಬರ್‌ನಲ್ಲಿ 10 ಅಂಕ ಕಡಿತವಾಗಿ (ಮೇಲ್ಮನವಿಯಲ್ಲಿ 6ಕ್ಕಿಳಿಯಿತು), ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 4 ಅಂಕ ಹೋದ ಮೇಲೆ, ಎಲ್ಲರ ಕಣ್ಣೂ ಅಕಾಡೆಮಿ ಕಡೆ ತಿರುಗಿತು. ಜೂನ್ 30ಕ್ಕೆ ಲೆಕ್ಕ ಮುಗಿಯುವ ಮುಂಚೆ ಒಬ್ಬ ಹುಡುಗ ಹೋಗಬೇಕು. 2024ರ ಜೂನ್ ಕೊನೆಯ ವಾರ ನ್ಯೂಕಾಸಲ್ ತನ್ನೂರಿನ ಎಲಿಯಟ್ ಆಂಡರ್ಸನ್‌ನನ್ನು ಫಾರೆಸ್ಟ್‌ಗೆ ಕಳಿಸಿದ್ದು ಹೀಗೆಯೇ. ವಿಚಿತ್ರ ನೋಡಿ, ಅಕಾಡೆಮಿಗೆ ಸುರಿದ ದುಡ್ಡನ್ನು ಆ ನಿಯಮ ನಷ್ಟದಲ್ಲಿ ಎಣಿಸುತ್ತಲೇ ಇರಲಿಲ್ಲ. ಬೆಳೆಸಲು ರಿಯಾಯಿತಿ, ಮಾರಲು ಬಹುಮಾನ, ಆಡಿಸಲು ಏನೂ ಇಲ್ಲ.

ಆಡಿಸದೆ ಮಾರಿದ್ದಕ್ಕೆ ತೆರುವ ಬೆಲೆ ಯುರೋಪಿನ ಟೂರ್ನಿಗಳಿಗೆ ಹೋದಾಗ ಕಾಣುತ್ತೆ. ಆ ಟೂರ್ನಿಗಳನ್ನು ನಡೆಸುವ ಯುಎಫಾದ ಪಟ್ಟಿಯ 25 ಜಾಗದಲ್ಲಿ 8 ಸ್ಥಳೀಯವಾಗಿ ಬೆಳೆದವರಿಗೆ ಮೀಸಲು. ಆ ಎಂಟರಲ್ಲಿ ನಾಲ್ಕು, 15ರಿಂದ 21ರ ವಯಸ್ಸಿನ ನಡುವೆ ಮೂರು ವರ್ಷ ಅದೇ ಕ್ಲಬ್ಬಿನಲ್ಲಿದ್ದವರಿಗೇ. ಅವರಿಲ್ಲದಿದ್ದರೆ ಆ ಜಾಗಕ್ಕೆ ಬೇರೆ ಯಾರನ್ನೂ ಹಾಕುವಂತಿಲ್ಲ, 25 ಇದ್ದದ್ದು 21 ಆಗುತ್ತೆ. ಕೊಂಡ ಸ್ಕ್ವಾಡ್ ಡೆಪ್ತ್ ಮನೆಯಲ್ಲಿ ಟಿವಿ ನೋಡಬೇಕು.

ಹಿತ್ತಲ ಗಿಡ ಮದ್ದಲ್ಲ ಅಂದುಕೊಂಡು ಯುನೈಟೆಡ್ 2024ರಲ್ಲಿ ಮೆಕ್‌ಟಾಮಿನೆಯನ್ನು ನಾಪೋಲಿಗೆ ಮಾರಿತು. ಅವನು ಅದೇ ಋತುವಿನಲ್ಲಿ ಇಟಲಿಯ ಲೀಗ್ 'ಸೀರಿ ಎ' ಗೆದ್ದು ಅದರ ಅತ್ಯುತ್ತಮ ಆಟಗಾರನಾದ. ಅದೇ ಆಗಸ್ಟ್‌ನಲ್ಲಿ ಚೆಲ್ಸಿ ಎಂಟನೇ ವಯಸ್ಸಿನಿಂದ ತಾನೇ ಸಾಕಿದ್ದ ಕಾನರ್ ಗ್ಯಾಲಗರ್‌ನನ್ನು ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಮಾರಿ, ಅದೇ ಅಟ್ಲೆಟಿಕೊದಿಂದ ಜೊವಾವ್ ಫೆಲಿಕ್ಸ್‌ನನ್ನು ಕೊಂಡು ತಂದಿತು. ಫೆಬ್ರವರಿ ಹೊತ್ತಿಗೆ ಫೆಲಿಕ್ಸ್ ಮಿಲಾನ್‌ನಲ್ಲಿದ್ದ, ಲೋನ್ ಮೇಲೆ.