ಆಟಿಸಂ ಮಕ್ಕಳ ಅಮ್ಮಂದಿರಿಗೆ ಫೋನ್ ಆಪ್ತಸಲಹೆ ಆಸರೆ ಆಗುತ್ತಾ?

ಪರ: ರಾತ್ರಿ ಎರಡು ಗಂಟೆಗೆ ಇನ್ಯಾರಿದ್ದಾರೆ?

ನನ್ನ ಮಗನಿಗೆ ಈಗ 7 ವರ್ಷ. ನಾವಿರುವುದು ಶಿರಸಿ ಹತ್ತಿರದ ಹಳ್ಳಿಯಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬೇಕಂದ್ರೆ ರಾತ್ರಿಯಿಡೀ ಬಸ್ಸು. ಮಗ ಕೂಗಿದರೆ ಬಸ್ಸಿನವರೆಲ್ಲ ತಿರುಗಿ ನನ್ನನ್ನೇ ನೋಡುತ್ತಾರೆ. ಅವನಿಗಾಗಿ ಹೋಗಿದ್ದೇನೆ. ನನ್ನ ಮನಸ್ಸು ಸರಿಯಿಲ್ಲ ಅಂತ ಅಷ್ಟು ದೂರ ಹೋಗೋದುಂಟಾ?

ಕಳೆದ ಮಳೆಗಾಲದ ಒಂದು ರಾತ್ರಿ. ಎರಡು ಗಂಟೆ ಆಗಿತ್ತು. ಅವನು ಸ್ಟೀಲ್ ಡಬ್ಬಿಯ ಮುಚ್ಚಳ ನೆಲದ ಮೇಲೆ ಗಿರಗಿರ ತಿರುಗಿಸುತ್ತಿದ್ದ, ಬಿದ್ದರೆ ಮತ್ತೆ ತಿರುಗಿಸುತ್ತಿದ್ದ, ಕಿತ್ತುಕೊಂಡರೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದ. ನಾನು ಕೈ ಎತ್ತಿಬಿಟ್ಟೆ. ಹೊಡೆಯಲಿಲ್ಲ. ಆದರೆ ಎತ್ತಿದ ಕೈ ನೋಡಿ ನನಗೇ ಭಯವಾಯಿತು. ಇವರನ್ನು ಎಬ್ಬಿಸಿ ಅವನ ಹತ್ತಿರ ಕೂರಿಸಿದೆ. ಬಚ್ಚಲಿಗೆ ಹೋಗಿ, ಅತ್ತೆಗೆ ಕೇಳಿಸದಿರಲಿ ಅಂತ ನಲ್ಲಿ ಬಿಟ್ಟು, 14416ಕ್ಕೆ ಫೋನ್ ಮಾಡಿದೆ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್ ಅಂತ ಹೆಸರು, 2022ರಿಂದ ಇದೆ, 24 ಗಂಟೆಯೂ ಇರುತ್ತೆ, ದುಡ್ಡು ಕೊಡಬೇಕಾಗಿಲ್ಲ. ಕನ್ನಡದಲ್ಲೇ ಮಾತಾಡಿದರು.

ಮಗ ಎಷ್ಟು ಹೊತ್ತು ಮಲಗುತ್ತಾನೆ ಅಂತ ಹೋದಲ್ಲೆಲ್ಲ ಕೇಳಿದ್ದಾರೆ. "ನೀವೆಷ್ಟು ಹೊತ್ತು ಮಲಗ್ತೀರಿ?" ಅಂತ ಕೇಳಿದ್ದು ಆ ಹುಡುಗಿಯೇ ಮೊದಲು. ಅಳು ತಡೆಯೋಕಾಗಲಿಲ್ಲ.

ಫೋನಿನಲ್ಲಿ ಆಟಿಸಂ ವಾಸಿಯಾಗುತ್ತಾ ಅಂತ ಕೇಳುವವರಿದ್ದಾರೆ. ವಾಸಿ ಮಾಡೋಕೆ ಅದು ಕಾಯಿಲೆಯೇ ಅಲ್ಲ. ನಾನು ಫೋನ್ ಮಾಡಿದ್ದು ನನಗೋಸ್ಕರ. "ಅವನಪ್ಪನೂ ತಡವಾಗಿಯೇ ಮಾತಾಡಿದ್ದು, ನಿಂದೇ ಜಾಸ್ತಿ" ಅನ್ನುವ ಮನೆಯಲ್ಲಿ ಯಾರ ಹತ್ತಿರ ಹೇಳಿಕೊಳ್ಳಲಿ? ಊರಲ್ಲಿ ಹೇಳಿದರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತೆ. ಆಮೇಲೆ ನನ್ನಂಥ ಅಮ್ಮಂದಿರ ವಾಟ್ಸಾಪ್ ಗುಂಪು ಸೇರಿದೆ. ಮಗ ಒದ್ದೆ ಅಂಗಿ ತಾನೇ ಬಿಚ್ಚಿದ ಅಂತ ಒಂದಿನ ಹಾಕಿದೆ. ಅದು ಎಷ್ಟು ದೊಡ್ಡ ವಿಷಯ ಅಂತ ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ವಿರೋಧ: ಮಾತಿಗಿಂತ ಮೊದಲು ಜನ ಬೇಕು

ವಿರೋಧದ ಕಡೆ ಬರೆಯಿರಿ ಅಂದರು, ಒಪ್ಪಿದೆ. ಫೋನ್ ಬೇಡವೇ ಬೇಡ ಅನ್ನೋಕೆ ನನಗೂ ಮನಸ್ಸಿಲ್ಲ. ಆದರೆ ವಿಶೇಷ ಶಿಕ್ಷಕಿಯಾಗಿ 12 ವರ್ಷ ನೋಡಿದ್ದನ್ನು ಹೇಳಬೇಕು.

ಎಷ್ಟೋ ಮನೆಗಳಲ್ಲಿ ಇರುವುದೇ ಒಂದು ಸ್ಮಾರ್ಟ್‌ಫೋನ್. ಅದೂ ಮಗುವಿನ ಕೈಯಲ್ಲಿ. ಕಿತ್ತುಕೊಂಡರೆ ರಂಪ. ಇನ್ನು ಅಮ್ಮ ಆಪ್ತಸಲಹೆಯ ಆ್ಯಪ್ ತೆರೆಯುವುದು ಯಾವಾಗ? ತೆರೆದರೂ ಅದು ಹೇಳುವುದು ಅಷ್ಟೇ, ಉಸಿರು ಎಳೆದುಕೊಳ್ಳಿ, ನಿಧಾನ ಬಿಡಿ. ಫೋನ್ ಇಟ್ಟ ಮೇಲೆ ಅದೇ ಅಡುಗೆಮನೆ, ಅದೇ ಕೂಗು, ನೋಡಿಕೊಳ್ಳೋಕೆ ಅವಳೊಬ್ಬಳೇ.

ಕೆಲವು ಬಗೆಯ ಅಂಗವೈಕಲ್ಯ ಇರುವವರಿಗಾಗಿ ಮಾಡಿದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲೇ ಆಟಿಸಂ ಸೇರಿದೆ. ಹಗಲು ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳಿಗೆ ಅಂತ ಯೋಜನೆಯೂ ಇದೆ. ನಮ್ಮ ತಾಲ್ಲೂಕಿನಲ್ಲಿ ಅಂಥದ್ದು ಒಂದೂ ಇಲ್ಲ. ಮೊದಲು ಅದು ಬರಲಿ ಅಲ್ವಾ?

ಒಬ್ಬ ತಾಯಿ ದಿನಾ ಮಗನನ್ನು ತರಗತಿಗೆ ಬಿಟ್ಟು ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದರು. ಒಂದಿನ ತರಗತಿ ಮುಗಿಸಿ ಬಂದು ನೋಡಿದರೆ, ಬ್ಯಾಗಿನ ಮೇಲೆ ತಲೆಯಿಟ್ಟು ಗಾಢ ನಿದ್ದೆಯಲ್ಲಿದ್ದರು. ಒಂದು ಚಪ್ಪಲಿ ಕಾಲಿನಿಂದ ಜಾರಿ ಕೆಳಗೆ ಬಿದ್ದಿತ್ತು. ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಹುಡುಗನನ್ನು ಮತ್ತೆ ಒಳಗೆ ಕರೆದುಕೊಂಡು ಹೋದೆ. ಇನ್ನೂ ಒಂದು ಗಂಟೆ ಇಬ್ಬರೂ ಕೂತು ಮಣಿ ಪೋಣಿಸಿದೆವು.