ಸತ್ಯಾಂಶ: ವ್ಯಾಯಾಮ ಬಿಟ್ಟರೆ ಸ್ನಾಯು ಕೊಬ್ಬಾಗುತ್ತಾ?

ನಮ್ಮ ಹಾಸನದ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುವ ಮಾತು ಇದು: "ಭಾರ ಎತ್ತೋದು ಶುರು ಮಾಡಿ ಮಧ್ಯೆ ಬಿಟ್ಟರೆ ಸ್ನಾಯುವೆಲ್ಲ ಕೊಬ್ಬಾಗುತ್ತದೆ, ಟೈಮ್ ಇಲ್ಲದವರು ಶುರುವೇ ಮಾಡಬೇಡಿ." ಇದು ತಪ್ಪು.

ಸ್ನಾಯು ಬೇರೆ, ಕೊಬ್ಬು ಬೇರೆ. ಒಂದು ಇನ್ನೊಂದಾಗುವುದಿಲ್ಲ. ವ್ಯಾಯಾಮ ಬಿಟ್ಟಾಗ ಸ್ನಾಯು ನಿಧಾನಕ್ಕೆ ಸಣ್ಣದಾಗುತ್ತದೆ, ಊಟ ಮಾತ್ರ ಮೊದಲಿನಷ್ಟೇ ಇದ್ದರೆ ಮಿಕ್ಕಿದ್ದು ಕೊಬ್ಬಾಗಿ ಕೂರುತ್ತದೆ, ಎರಡೂ ಒಟ್ಟಿಗೇ ಆಗುವುದರಿಂದ ನೋಡುವವರಿಗೆ ಹಾಗೆ ಕಾಣುತ್ತದೆ ಅಷ್ಟೇ. ಮತ್ತೆ ಶುರು ಮಾಡಿದರೆ ಕಳೆದುಕೊಂಡ ಶಕ್ತಿ ಸಾಮಾನ್ಯವಾಗಿ ಮೊದಲ ಸಲಕ್ಕಿಂತ ಬೇಗ ಬರುತ್ತದೆ. ಸುಮ್ನೆ ಹೆದರಬೇಡಿ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಬೆಳಗ್ಗೆ ಸಕಲೇಶಪುರದ ಬಸ್ ಹಿಡಿಯುವವರಿಗೂ ಅಷ್ಟು ಆಗುತ್ತದೆ ಅಲ್ವಾ? ಕುರ್ಚಿಯಿಂದ ಕೈ ಊರದೆ ಎದ್ದು ಕೂರಿ. 5 ಲೀಟರ್ ನೀರಿನ ಕ್ಯಾನ್ ಅಂದರೆ ಸುಮಾರು 5 ಕೆಜಿ: ಒಂದು ಕೈ ಮಂಚಕ್ಕೆ ಊರಿ, ಬೆನ್ನು ನೇರ ಇಟ್ಟು, ಇನ್ನೊಂದು ಕೈಯಿಂದ ಅದನ್ನು ಸೊಂಟದ ಕಡೆಗೆ ಎಳೆಯಿರಿ. ಕೊನೆಯ 2-3 ಸಲ ಕಷ್ಟ ಅನ್ನಿಸಬೇಕು, ಆದರೆ ಉಸಿರು ಬಿಗಿಹಿಡಿಯಬೇಡಿ. ಬಿಪಿ, ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ.